ಆಸ್ಪತ್ರೆಯ ದರಪಟ್ಟಿ

ದಾವಣಗೆರೆ ಜಿಲ್ಲೆಯ ದಕ್ಷಿಣಕ್ಕೆ ಚನ್ನಗಿರಿ, ನೈಋತ್ಯಕ್ಕೆ ಹೊನ್ನಾಳಿ ಮತ್ತು ನ್ಯಾಮತಿ, ಪೂರ್ವಕ್ಕೆ ಜಗಳೂರು. ಈ ನಾಲ್ಕು ತಾಲ್ಲೂಕುಗಳ ನೆಲ, ನೀರು, ಬೆಳೆಗಳು ಒಂದೇ ಬಗೆಯವಲ್ಲ. ಚನ್ನಗಿರಿಯ ಸೀಮೆಯಲ್ಲಿ ಸೂಳೆಕೆರೆಯೂ ಅಡಕೆ ತೋಟಗಳೂ ಇವೆ. ಹೊನ್ನಾಳಿಯ ಮಗ್ಗುಲಲ್ಲಿ ತುಂಗಭದ್ರೆ ಹರಿಯುತ್ತಾಳೆ. ಹಿಂದೆ ಹೊನ್ನಾಳಿಗೆ ಸೇರಿದ್ದ ನ್ಯಾಮತಿ ಈಗ ತಾನೇ ಒಂದು ತಾಲ್ಲೂಕು. ಜಗಳೂರು ಬಹುಮಟ್ಟಿಗೆ ಮಳೆಯನ್ನೇ ನಂಬಿದ ಬಯಲುಸೀಮೆ. ಆದರೆ ಒಂದು ವಿಷಯದಲ್ಲಿ ಈ ನಾಲ್ಕು ಸೀಮೆಗಳ ರೈತರೂ ಸಮಾನರು. ತಾವು ಬೆಳೆದ ಫಸಲಿನ ಬೆಲೆಯನ್ನು ಕೇಳಿ ತಿಳಿಯದೆ ಅವರು ಮಾರುವುದಿಲ್ಲ. ಅಡಕೆಯನ್ನು ಚೇಣಿಗೆ ಕೊಡುವಾಗ ಮಾತು ಮೊದಲು, ಕೊಯ್ಲು ಅನಂತರ. ಮಾರುಕಟ್ಟೆಯಲ್ಲಿ ಮೆಕ್ಕೆಜೋಳ ಸುರಿದರೆ ಕ್ವಿಂಟಾಲಿಗೆ ಎಷ್ಟು, ತೂಕವೆಷ್ಟು, ಹಮಾಲಿ ಎಷ್ಟು ಎಂಬುದೆಲ್ಲ ಚೀಟಿಯಲ್ಲಿ ಬರುತ್ತದೆ. ಒಪ್ಪಿದರೆ ಮಾರುವುದು, ಒಪ್ಪದಿದ್ದರೆ ಮತ್ತೊಂದು ದಿನ ಕಾಯುವುದು ಅವರ ಕೈಯಲ್ಲಿದೆ.

ಇಷ್ಟು ಲೆಕ್ಕ ಬಲ್ಲ ಮನೆಗೆ ಕಾಯಿಲೆ ಬಂದಾಗ ಲೆಕ್ಕವೇ ದಿಕ್ಕು ತಪ್ಪುತ್ತದೆ. ಸಣ್ಣ ಜ್ವರ, ಕೆಮ್ಮುಗಳಿಗೆ ಊರ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ ಸಾಕಾಗುತ್ತದೆ. ಎದೆನೋವು, ಅಪಘಾತ, ಕಷ್ಟದ ಹೆರಿಗೆ, ಮೂತ್ರಪಿಂಡದ ತೊಂದರೆ ಮೊದಲಾದವು ಬಂದರೆ ದೊಡ್ಡ ಊರಿನ ದಾರಿ ಹಿಡಿಯಬೇಕು. ಜಗಳೂರಿನವರು ದಾವಣಗೆರೆಗೆ ಧಾವಿಸುತ್ತಾರೆ. ನ್ಯಾಮತಿಯ ಕಡೆಯವರಿಗೆ ಶಿವಮೊಗ್ಗ ಸಮೀಪ. ಅಲ್ಲಿ ಚಿಗಟೇರಿ ಜಿಲ್ಲಾ ಆಸ್ಪತ್ರೆ, ಮೆಗ್ಗಾನ್ ಆಸ್ಪತ್ರೆಗಳಂಥ ಸರ್ಕಾರಿ ಆಸ್ಪತ್ರೆಗಳೂ ಇವೆ, ಅನೇಕ ಖಾಸಗಿ ಆಸ್ಪತ್ರೆಗಳೂ ಇವೆ. ಖಾಸಗಿ ಆಸ್ಪತ್ರೆಯ ಬಾಗಿಲಲ್ಲಿ ನಿಂತ ರೋಗಿಯ ಕಡೆಯವರು ಕೇಳುವ ಮೊದಲ ಪ್ರಶ್ನೆ "ಜೀವಕ್ಕೆ ಅಪಾಯವಿಲ್ಲವಷ್ಟೆ?" ಎಂಬುದು. ಎರಡನೆಯ ಪ್ರಶ್ನೆ "ಎಷ್ಟು ಖರ್ಚಾದೀತು?" ಎಂಬುದು. ಮೊದಲನೆಯದಕ್ಕೆ ವೈದ್ಯರು ಉತ್ತರ ಹೇಳುತ್ತಾರೆ. ಎರಡನೆಯದಕ್ಕೆ ಬಹಳ ಸಲ ಸ್ಪಷ್ಟವಾದ ಉತ್ತರ ದೊರೆಯುವುದಿಲ್ಲ. ಮುಂಗಡ ಕಟ್ಟಿ ಒಳಗೆ ಹೋದವರಿಗೆ ಪೂರ್ತಿ ಮೊತ್ತ ತಿಳಿಯುವುದು ಬಿಡುಗಡೆಯ ದಿನ.

"ಹಾಸಿಗೆ ಇದ್ದಷ್ಟು ಕಾಲು ಚಾಚು" ಎಂಬುದು ಕನ್ನಡಿಗರ ಹಳೆಯ ಬುದ್ಧಿಮಾತು. ಹಾಸಿಗೆಯ ಅಳತೆಯೇ ತಿಳಿಯದವನು ಕಾಲನ್ನು ಎಷ್ಟು ಚಾಚಬೇಕೆಂದು ನಿರ್ಧರಿಸುವುದು ಹೇಗೆ? ಮೊತ್ತ ಮೊದಲೇ ತಿಳಿದಿದ್ದರೆ ಮನೆಯವರು ಸರ್ಕಾರಿ ಆಸ್ಪತ್ರೆಯನ್ನೋ ಕಡಿಮೆ ದರದ ಮತ್ತೊಂದು ಆಸ್ಪತ್ರೆಯನ್ನೋ ಆರಿಸಿಕೊಳ್ಳಬಹುದು. ಸರ್ಕಾರದ ಯೋಜನೆಯ ನೆರವನ್ನು ಪಡೆಯಬಹುದು. ತಿಳಿಯದಿದ್ದಾಗ ಒಡವೆ ಒತ್ತೆ ಹೋಗುತ್ತದೆ, ಸಾಲ ಬೆಳೆಯುತ್ತದೆ, ಕೆಲವೊಮ್ಮೆ ಮಕ್ಕಳ ಓದು ನಿಲ್ಲುತ್ತದೆ. 2017-18ರಲ್ಲಿ ನಡೆದ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ, ಹೆರಿಗೆಯನ್ನು ಬಿಟ್ಟು, ಭಾರತದಲ್ಲಿ ಒಮ್ಮೆ ಆಸ್ಪತ್ರೆ ಸೇರಿದರೆ ಆಗುತ್ತಿದ್ದ ಸರಾಸರಿ ವೈದ್ಯಕೀಯ ವೆಚ್ಚ ಸರ್ಕಾರಿ ಆಸ್ಪತ್ರೆಯಲ್ಲಿ 4,452 ರೂಪಾಯಿ, ಖಾಸಗಿ ಆಸ್ಪತ್ರೆಯಲ್ಲಿ 31,845 ರೂಪಾಯಿ. ಒಂದು ಮತ್ತೊಂದರ ಏಳು ಪಟ್ಟು. ಯಾವ ಬಾಗಿಲನ್ನು ಪ್ರವೇಶಿಸಬೇಕೆಂಬ ಆಯ್ಕೆಯಲ್ಲಿ ಒಂದು ಸಂಸಾರದ ವರ್ಷದ ದುಡಿಮೆಯೇ ಅಡಗಿರುವುದುಂಟು.

ಇತರ ವಸ್ತುಗಳ ಕ್ರಯವಿಕ್ರಯದಲ್ಲಿ ಇಲ್ಲದ ತೊಡಕು ಚಿಕಿತ್ಸೆಯಲ್ಲಿ ಏಕಿದೆ? ಅಮೆರಿಕದ ಅರ್ಥಶಾಸ್ತ್ರಜ್ಞ ಕೆನೆತ್ ಆರೋ 1963ರಲ್ಲಿ ಬರೆದ ಪ್ರಬಂಧವೊಂದರಲ್ಲಿ ಈ ಪ್ರಶ್ನೆಯನ್ನು ವಿವೇಚಿಸಿದನು. ಕಾಯಿಲೆ ಯಾವಾಗ ಬರುವುದೆಂದು ಯಾರಿಗೂ ತಿಳಿಯದು. ಬಂದ ಮೇಲೆ ಯಾವ ಚಿಕಿತ್ಸೆ ಫಲಿಸುವುದೆಂಬುದೂ ನಿಶ್ಚಿತವಲ್ಲ. ರೋಗದ ವಿಚಾರವಾಗಿ ವೈದ್ಯನಿಗಿರುವ ತಿಳಿವಳಿಕೆ ರೋಗಿಗೆ ಇರುವುದಿಲ್ಲ. ಬಟ್ಟೆ ಕೊಳ್ಳುವವನು ನೂಲನ್ನು ಮುಟ್ಟಿ ನೋಡಬಲ್ಲ. ಎತ್ತು ಕೊಳ್ಳುವವನು ಹಲ್ಲು ಎಣಿಸಬಲ್ಲ. ತನಗೆ ಬರೆದ ಪರೀಕ್ಷೆ ಅಗತ್ಯವೇ, ಮದ್ದು ಸರಿಯೇ ಎಂಬುದನ್ನು ರೋಗಿಯು ಅಳೆಯಲಾರ. ಕೊಳ್ಳಬೇಕಾದುದು ಏನೆಂಬುದನ್ನು ಮಾರುವವನೇ ನಿರ್ಧರಿಸುವ ವ್ಯವಹಾರವಿದು. ಇದರ ಮೇಲೆ ನೋವು, ಭಯ, ಅವಸರ. ನರಳುತ್ತಿರುವ ತಾಯಿಯನ್ನು ಹೊರಗೆ ಕೂರಿಸಿ ನಾಲ್ಕು ಆಸ್ಪತ್ರೆಗಳ ದರ ವಿಚಾರಿಸಿ ಬರುವ ಮಗನು ಎಲ್ಲಿಯೂ ಇರಲಾರನು. ಹೀಗೆ ಚೌಕಾಸಿ ಮಾಡುವ ಶಕ್ತಿ ರೋಗಿಗೆ ಇಲ್ಲವಾದುದರಿಂದಲೇ ಅವನ ಪರವಾಗಿ ದರಪಟ್ಟಿಯೂ ಕಾನೂನೂ ಮಾತನಾಡಬೇಕಾಗುತ್ತದೆ.

ವೈದ್ಯರ ಪಕ್ಷದಲ್ಲಿಯೂ ನ್ಯಾಯವಿದೆ. ವೈದ್ಯನನ್ನು ನಾರಾಯಣನೆಂದು ಭಾವಿಸಿದ ನಾಡು ನಮ್ಮದು. ಆದರೆ ನಾರಾಯಣನಿಗೂ ಮುಂದಾಗುವುದನ್ನು ರೂಪಾಯಿಗಳಲ್ಲಿ ಹೇಳುವುದು ಸುಲಭವಲ್ಲ. ಸರಳವೆಂದು ತೋರಿದ ಶಸ್ತ್ರಚಿಕಿತ್ಸೆ ಮಧ್ಯದಲ್ಲಿ ಕಠಿಣವಾಗಬಹುದು. ಒಬ್ಬನ ಗಾಯ ಮೂರು ದಿನದಲ್ಲಿ ಮಾಯ್ದರೆ ಮಧುಮೇಹವಿರುವ ಮತ್ತೊಬ್ಬನಿಗೆ ಮೂರು ವಾರ ಬೇಕಾದೀತು. ಯಂತ್ರಗಳ ಬೆಲೆ, ದಾದಿಯರ ಸಂಬಳ, ವಿದ್ಯುತ್ತು, ಕಟ್ಟಡದ ಸಾಲ ಇವೆಲ್ಲವನ್ನೂ ಖಾಸಗಿ ಆಸ್ಪತ್ರೆಯು ರೋಗಿಗಳಿಂದ ಬರುವ ಹಣದಲ್ಲಿಯೇ ತೂಗಿಸಬೇಕು. ಆದಕಾರಣ ಅಂತಿಮ ಮೊತ್ತವನ್ನು ಕರಾರುವಾಕ್ಕಾಗಿ ಮೊದಲೇ ಹೇಳಲು ಎಲ್ಲ ಸಂದರ್ಭಗಳಲ್ಲಿಯೂ ಸಾಧ್ಯವಿಲ್ಲ. ಆದರೆ ಹಾಸಿಗೆಯ ದಿನದ ಬಾಡಿಗೆ, ವೈದ್ಯರ ಒಂದು ಭೇಟಿಯ ಶುಲ್ಕ, ಒಂದು ರಕ್ತಪರೀಕ್ಷೆಯ ದರ, ಒಂದು ಎಕ್ಸ್‌ರೇ ದರ ಇವು ಮೊದಲೇ ಗೊತ್ತಿರುವಂಥವು. ಪ್ರಯಾಣ ಎಷ್ಟು ದೂರವಾದೀತೆಂದು ಹೇಳಲಾಗದಿದ್ದರೂ ಮೈಲಿಗೆ ಇಷ್ಟು ಎಂದು ಹೇಳಲು ಅಡ್ಡಿಯಿಲ್ಲ.

ಆಸ್ಪತ್ರೆಯ ಬಿಲ್ಲನ್ನು ಓದುವುದು ಒಂದು ವಿದ್ಯೆ, ಕಲಿತರೆ ಕಷ್ಟವಲ್ಲ. ಅದರಲ್ಲಿ ಸಾಮಾನ್ಯವಾಗಿ ಐದಾರು ಭಾಗಗಳಿರುತ್ತವೆ. ಮೊದಲನೆಯದು ಹಾಸಿಗೆ ಅಥವಾ ಕೊಠಡಿಯ ಬಾಡಿಗೆ. ಇಲ್ಲಿ ದಿನವನ್ನು ಹೇಗೆ ಎಣಿಸುತ್ತಾರೆಂಬುದನ್ನು ಗಮನಿಸಬೇಕು. ಇಪ್ಪತ್ತನಾಲ್ಕು ಗಂಟೆಗೆ ಒಂದು ದಿನವೆಂದು ಎಣಿಸುವುದು ಒಂದು ಕ್ರಮ. ದಿನವೂ ಒಂದು ಗೊತ್ತಾದ ವೇಳೆ ದಾಟಿದೊಡನೆ ಹೊಸ ದಿನವೆಂದು ಎಣಿಸುವುದು ಇನ್ನೊಂದು ಕ್ರಮ. ಮಧ್ಯಾಹ್ನ ಹನ್ನೆರಡಕ್ಕೆ ದಿನ ಬದಲಾಗುವ ಕಡೆ ಸೋಮವಾರ ರಾತ್ರಿ ಸೇರಿ ಬುಧವಾರ ಸಂಜೆ ಬಿಡುಗಡೆಯಾದವನಿಗೆ ಎರಡು ದಿನವೂ ತುಂಬಿರುವುದಿಲ್ಲ. ಆದರೆ ಬಾಡಿಗೆ ಮೂರು ದಿನದ್ದು. ಎರಡನೆಯದು ವೈದ್ಯರ ಶುಲ್ಕ: ದಿನದ ಭೇಟಿ, ತಜ್ಞರ ಸಲಹೆ, ಶಸ್ತ್ರವೈದ್ಯರು ಮತ್ತು ಅರಿವಳಿಕೆ ವೈದ್ಯರ ಸಂಭಾವನೆ. ಮೂರನೆಯದು ಶಸ್ತ್ರಚಿಕಿತ್ಸಾ ಕೊಠಡಿ, ಆಮ್ಲಜನಕ ಮತ್ತು ಯಂತ್ರಗಳ ಬಾಡಿಗೆ. ನಾಲ್ಕನೆಯದು ರಕ್ತ, ಮೂತ್ರ, ಸ್ಕ್ಯಾನಿಂಗ್ ಮೊದಲಾದ ಪರೀಕ್ಷೆಗಳು. ಐದನೆಯದು ಔಷಧಗಳು. ಆರನೆಯದು ಕೈಗವಸು, ಸಿರಿಂಜು, ಹತ್ತಿ, ನಳಿಕೆಗಳಂಥ ಬಳಸಿ ಬಿಸಾಡುವ ಸಾಮಗ್ರಿಗಳು. ಈ ಕೊನೆಯ ಭಾಗ ಮೇಲುನೋಟಕ್ಕೆ ಚಿಲ್ಲರೆಯೆನಿಸಿದರೂ ಕೂಡಿಸಿ ನೋಡಿದರೆ ದೊಡ್ಡದಾಗಿರುವುದುಂಟು.

ಇನ್ನೆರಡು ಸಂಗತಿಗಳನ್ನು ಅರಿತಿರುವುದು ಲೇಸು. ಅನೇಕ ಕಡೆ ಕೊಠಡಿಯ ದರ್ಜೆ ಏರಿದಂತೆ ಬಾಡಿಗೆಯ ಜೊತೆಗೆ ವೈದ್ಯರ ಭೇಟಿ, ಶಸ್ತ್ರಚಿಕಿತ್ಸೆ ಮೊದಲಾದವುಗಳ ದರವೂ ಏರುತ್ತದೆ. ಸಾಮಾನ್ಯ ವಾರ್ಡಿನಲ್ಲಿ ಆಗುವ ಅದೇ ಚಿಕಿತ್ಸೆಗೆ ಪ್ರತ್ಯೇಕ ಕೊಠಡಿಯಲ್ಲಿ ಹೆಚ್ಚು ತೆರಬೇಕಾಗುತ್ತದೆ. ಎರಡನೆಯದು ಒಟ್ಟು ದರದ ಪದ್ಧತಿ. ಇದನ್ನು ಪ್ಯಾಕೇಜು ಎನ್ನುವರು. ಒಂದು ಶಸ್ತ್ರಚಿಕಿತ್ಸೆಗೆ ಒಟ್ಟು ಇಷ್ಟು ಎಂದು ಗೊತ್ತುಮಾಡಿದಾಗ, ಅದರಲ್ಲಿ ಎಷ್ಟು ದಿನದ ಹಾಸಿಗೆ ಸೇರಿದೆ, ಔಷಧ ಸೇರಿದೆಯೇ, ಯಾವುದು ಹೊರಗೆ ಉಳಿದಿದೆ ಎಂಬುದನ್ನು ಬರವಣಿಗೆಯಲ್ಲಿ ಕೇಳಿ ಪಡೆಯಬೇಕು. ಹೊರಗೆ ಉಳಿದುದು ತಿಳಿಯದೆ ಒಳಗಿರುವುದರ ಬೆಲೆ ತಿಳಿದರೆ ಅರ್ಧ ತಿಳಿದಂತೆ.

ಬೆಲೆ ಬಯಲಿಗೆ ಬಂದರೆ ಏನಾಗುತ್ತದೆಂಬುದಕ್ಕೆ ಸ್ಟೆಂಟಿನ ಕಥೆ ಉತ್ತಮ ನಿದರ್ಶನ. ಹೃದಯದ ರಕ್ತನಾಳ ಕಟ್ಟಿಕೊಂಡಾಗ ಅದನ್ನು ತೆರೆದಿಡಲು ಒಳಗೆ ಇರಿಸುವ ಲೋಹದ ಚಿಕ್ಕ ಜಾಲರಿಯ ಕೊಳವೆಯೇ ಸ್ಟೆಂಟ್. ಔಷಧ ಲೇಪಿಸಿದ ಸ್ಟೆಂಟಿಗೆ ರೋಗಿಗಳು ಲಕ್ಷ ರೂಪಾಯಿಗೂ ಮೀರಿ ತೆರುತ್ತಿದ್ದರು. ರಾಷ್ಟ್ರೀಯ ಔಷಧ ಬೆಲೆ ನಿಗದಿ ಪ್ರಾಧಿಕಾರವು ತಯಾರಕ, ವಿತರಕ, ಆಸ್ಪತ್ರೆ ಹೀಗೆ ಹಂತಹಂತವಾಗಿ ಬೆಲೆ ಏರುವ ಪರಿಯನ್ನು ಪರಿಶೀಲಿಸಿದಾಗ, ಅತಿ ಹೆಚ್ಚಿನ ಲಾಭಾಂಶ ಆಸ್ಪತ್ರೆಯ ಹಂತದಲ್ಲಿ ಸೇರುತ್ತಿದ್ದುದು ಕಂಡುಬಂದಿತು. 2017ರ ಫೆಬ್ರವರಿಯಲ್ಲಿ ಪ್ರಾಧಿಕಾರವು ಸಾದಾ ಲೋಹದ ಸ್ಟೆಂಟಿಗೆ 7,260 ರೂಪಾಯಿ, ಔಷಧ ಲೇಪಿತ ಸ್ಟೆಂಟಿಗೆ 29,600 ರೂಪಾಯಿ ಎಂದು, ತೆರಿಗೆಯನ್ನು ಬಿಟ್ಟು, ಗರಿಷ್ಠ ಬೆಲೆಯನ್ನು ಗೊತ್ತುಮಾಡಿತು. ಅನಂತರದ ವರ್ಷಗಳಲ್ಲಿ ಈ ಅಂಕಿಗಳು ಬದಲಾಗಿವೆ. ಆದರೆ ಸ್ಟೆಂಟಿನ ಬೆಲೆಗೆ ಮಿತಿ ಇರಬೇಕೆಂಬ ತತ್ತ್ವ ಉಳಿದಿದೆ. ಬೆಲೆ ಗುಟ್ಟಾಗಿದ್ದಷ್ಟು ಕಾಲ ಅದನ್ನು ಪ್ರಶ್ನಿಸುವವರೇ ಇರಲಿಲ್ಲ.

ದರವನ್ನು ಮೊದಲೇ ತಿಳಿಸಬೇಕೆಂಬುದು ವೈದ್ಯವೃತ್ತಿಯ ನೀತಿಯೇ ಆಗಿದೆ. ಭಾರತೀಯ ವೈದ್ಯಕೀಯ ಪರಿಷತ್ತು 2002ರಲ್ಲಿ ಹೊರಡಿಸಿದ ನಡತೆಯ ನಿಯಮಗಳ ಪ್ರಕಾರ ವೈದ್ಯನು ತನ್ನ ಶುಲ್ಕವನ್ನು ಚಿಕಿತ್ಸೆಗೆ ಮುಂಚೆಯೇ ಹೇಳಬೇಕು. ಚಿಕಿತ್ಸೆ ನಡೆಯುತ್ತಿರುವಾಗಲೋ ಮುಗಿದ ಮೇಲೋ ಅಲ್ಲ. ಶುಲ್ಕದ ವಿವರವನ್ನು ಫಲಕದಲ್ಲಿ ಬರೆದು ಎಲ್ಲರಿಗೂ ಕಾಣುವಂತೆ ಇಡಬೇಕು. ಕರ್ನಾಟಕದಲ್ಲಿ ಖಾಸಗಿ ಶುಶ್ರೂಷಾಲಯಗಳ ನಿಯಂತ್ರಣಕ್ಕಾಗಿ 1976ರಲ್ಲಿಯೇ ಒಂದು ಕಾನೂನು ಬಂದಿತ್ತು. ಅದರ ಸ್ಥಾನದಲ್ಲಿ 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮವು ಜಾರಿಗೆ ಬಂದಿತು. ಚಿಕಿತ್ಸೆ ಮತ್ತು ಸೇವೆಗಳ ದರವನ್ನು ಪ್ರಕಟಿಸಿ ರೋಗಿಗಳಿಗೆ ಒದಗಿಸುವ ಹೊಣೆಯನ್ನು ಅದು ಖಾಸಗಿ ಆಸ್ಪತ್ರೆಗಳ ಮೇಲೆ ಹೊರಿಸಿತು.

ಈ ಕಾನೂನನ್ನು ಬಿಗಿಗೊಳಿಸಲು 2017ರಲ್ಲಿ ರಾಜ್ಯ ಸರ್ಕಾರವು ತಿದ್ದುಪಡಿ ಮಸೂದೆಯನ್ನು ತಂದಾಗ ದೊಡ್ಡ ವಿವಾದವೇ ಎದ್ದಿತು. ಖಾಸಗಿ ಆಸ್ಪತ್ರೆಗಳ ದರವನ್ನು ಸರ್ಕಾರವೇ ಗೊತ್ತುಮಾಡಬೇಕು, ತಪ್ಪಿದವರಿಗೆ ಸೆರೆವಾಸವೂ ಇರಬೇಕು ಎಂಬುದು ಮೂಲ ಆಲೋಚನೆ. ವೈದ್ಯರು ಇದನ್ನು ಬಲವಾಗಿ ವಿರೋಧಿಸಿದರು. ಎಲ್ಲ ಆಸ್ಪತ್ರೆಗಳಿಗೂ ಒಂದೇ ದರವೆಂದರೆ ಗುಣಮಟ್ಟ ಕುಸಿಯುವುದು, ಸಣ್ಣ ಊರುಗಳ ಶುಶ್ರೂಷಾಲಯಗಳು ಮುಚ್ಚಿಹೋಗುವುವು, ಸೆರೆಮನೆಯ ಭಯದಲ್ಲಿ ಕಠಿಣ ರೋಗಿಗಳನ್ನು ಯಾರೂ ಮುಟ್ಟಲಾರರು ಎಂಬುದು ಅವರ ವಾದ. ದರಕ್ಕೆ ಅಂಕುಶವಿಲ್ಲದಿದ್ದರೆ ಬಡವರಿಗೆ ಉಳಿಗಾಲವಿಲ್ಲ ಎಂಬುದು ಮಸೂದೆಯನ್ನು ಬೆಂಬಲಿಸಿದವರ ವಾದ. ನವೆಂಬರ್ ತಿಂಗಳಲ್ಲಿ ಬೆಳಗಾವಿಯಲ್ಲಿ ಅಧಿವೇಶನ ನಡೆಯುತ್ತಿದ್ದಾಗ ರಾಜ್ಯದ ಖಾಸಗಿ ವೈದ್ಯರು ಮುಷ್ಕರ ಹೂಡಿದರು, ರೋಗಿಗಳು ಬವಣೆಪಟ್ಟರು. ಕೊನೆಗೆ ಸೆರೆವಾಸದ ವಿಧಿಯನ್ನು ಕೈಬಿಡಲಾಯಿತು. ದರ ಗೊತ್ತುಮಾಡುವ ಅಧಿಕಾರವು ಸರ್ಕಾರದ ಆರೋಗ್ಯ ಯೋಜನೆಗಳ ಚಿಕಿತ್ಸೆಗಳಿಗೆ ಸೀಮಿತವಾಯಿತು.

ಹಾಗಾದರೆ ರೋಗಿಗೆ ಉಳಿದುದೇನು? ಉಳಿದುದು ಸಣ್ಣದಲ್ಲ. ಆಸ್ಪತ್ರೆಯು ತನ್ನ ದರವನ್ನು ತಾನೇ ಇಟ್ಟುಕೊಳ್ಳಬಹುದು, ಆದರೆ ಅದನ್ನು ಮುಚ್ಚಿಡುವಂತಿಲ್ಲ. ರೋಗಿಗಳ ಹಕ್ಕುಗಳ ಸನ್ನದು ಕಾನೂನಿನ ಭಾಗವಾಯಿತು. ತುರ್ತು ಸ್ಥಿತಿಯಲ್ಲಿ ಮುಂಗಡ ಹಣ ಬಂದಿಲ್ಲವೆಂದು ಚಿಕಿತ್ಸೆಯನ್ನು ತಡೆಯುವಂತಿಲ್ಲ. ರೋಗಿಯು ಮೃತನಾದರೆ ಬಾಕಿ ತೀರಲಿಲ್ಲವೆಂದು ದೇಹವನ್ನು ಇಟ್ಟುಕೊಳ್ಳುವಂತಿಲ್ಲ. ಬಾಕಿಯನ್ನು ಆಮೇಲೆ ವಸೂಲು ಮಾಡಿಕೊಳ್ಳಬೇಕು. ದೂರುಗಳನ್ನು ಕೇಳಲು ಪ್ರತಿ ಜಿಲ್ಲೆಯಲ್ಲಿಯೂ ಜಿಲ್ಲಾಧಿಕಾರಿಯ ಅಧ್ಯಕ್ಷತೆಯಲ್ಲಿ ಒಂದು ಪ್ರಾಧಿಕಾರವಿದೆ. ಜಗಳೂರಿನ ಕೂಲಿಕಾರನೂ ದಾವಣಗೆರೆಯ ಜಿಲ್ಲಾಧಿಕಾರಿಗಳ ಮುಂದೆ ತನ್ನ ಬಿಲ್ಲನ್ನು ಇರಿಸಿ ನ್ಯಾಯ ಕೇಳಬಹುದು.

ವಿಪತ್ತಿನ ಕಾಲದಲ್ಲಿ ಸರ್ಕಾರವೇ ದರವನ್ನು ಗೊತ್ತುಮಾಡಿದ ನಿದರ್ಶನಗಳೂ ಇವೆ. ಕೋವಿಡ್ ಪಿಡುಗು ಹಬ್ಬಿದ್ದಾಗ, 2020ರ ಜೂನ್ ತಿಂಗಳಲ್ಲಿ, ಕರ್ನಾಟಕ ಸರ್ಕಾರವು ಖಾಸಗಿ ಆಸ್ಪತ್ರೆಗಳಿಗೆ ಮಿತಿಯನ್ನು ವಿಧಿಸಿತು. ಸ್ವಂತ ಹಣ ತೆರುವವರಿಗೆ ಸಾಮಾನ್ಯ ವಾರ್ಡಿನಲ್ಲಿ ದಿನಕ್ಕೆ 10,000 ರೂಪಾಯಿ, ಕೃತಕ ಉಸಿರಾಟದ ಯಂತ್ರವಿರುವ ತೀವ್ರ ನಿಗಾ ಘಟಕದಲ್ಲಿ 25,000 ರೂಪಾಯಿ. ಸರ್ಕಾರವೇ ಕಳುಹಿಸಿದ ರೋಗಿಗಳಿಗೆ ಕ್ರಮವಾಗಿ 5,200 ಮತ್ತು 10,000 ರೂಪಾಯಿ. 2024ರ ಜುಲೈಯಲ್ಲಿ ಡೆಂಗಿ ಜ್ವರ ಹೆಚ್ಚಿದಾಗ ಅದರ ರಕ್ತಪರೀಕ್ಷೆಗಳಿಗೂ ಹೀಗೆಯೇ ಗರಿಷ್ಠ ದರವನ್ನು ವಿಧಿಸಲಾಯಿತು.

ದರವನ್ನು ಮೊದಲೇ ಗೊತ್ತುಮಾಡುವುದರಿಂದ ಬಡವರಿಗೆ ಆಗುವ ಉಪಕಾರವನ್ನು ಸಹಕಾರ ಚಳವಳಿಯೂ ತೋರಿಸಿಕೊಟ್ಟಿದೆ. 2003ರಲ್ಲಿ ಕಾರ್ಯಾರಂಭ ಮಾಡಿದ ಯಶಸ್ವಿನಿ ಯೋಜನೆಯಲ್ಲಿ ಸಹಕಾರ ಸಂಘಗಳ ಸದಸ್ಯರಾದ ರೈತರು ತಿಂಗಳಿಗೆ 5 ರೂಪಾಯಿಯಂತೆ ವಂತಿಗೆ ಕೊಟ್ಟರು. ಲಕ್ಷಾಂತರ ಜನರ ಪರವಾಗಿ ಯೋಜನೆಯು ಆಸ್ಪತ್ರೆಗಳೊಡನೆ ಮಾತನಾಡಿ ಪ್ರತಿ ಶಸ್ತ್ರಚಿಕಿತ್ಸೆಗೂ ದರವನ್ನು ಗೊತ್ತುಮಾಡಿತು. ಒಬ್ಬ ರೋಗಿಯಿಂದ ಆಗದ ಚೌಕಾಸಿ ಒಗ್ಗಟ್ಟಿನಿಂದ ಆಯಿತು. 2018ರಲ್ಲಿ ನಿಂತ ಈ ಯೋಜನೆಯನ್ನು 2022ರಲ್ಲಿ ಮತ್ತೆ ಆರಂಭಿಸಲಾಯಿತು. 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿಯೂ ಪ್ರತಿ ಚಿಕಿತ್ಸೆಗೆ ಗೊತ್ತಾದ ದರವಿದೆ. ಬಡತನದ ರೇಖೆಗಿಂತ ಕೆಳಗಿರುವ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಉಚಿತ ಚಿಕಿತ್ಸೆಯುಂಟು. ಉಳಿದವರಿಗೆ ಗೊತ್ತಾದ ದರದ ಶೇಕಡ 30 ಭಾಗದ ನೆರವುಂಟು. ಆದರೆ ಇದಕ್ಕೆ ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕು. ಗೊತ್ತುಪಡಿಸಿದ ತುರ್ತು ಚಿಕಿತ್ಸೆಗಳಿಗೆ ಮಾತ್ರ ವಿನಾಯಿತಿ. ನೇರವಾಗಿ ಖಾಸಗಿ ಆಸ್ಪತ್ರೆಗೆ ಹೋಗಿ ಹಣ ಕಟ್ಟಿದ ಮೇಲೆ ಯೋಜನೆಯ ನೆನಪಾದರೆ ಫಲವಿಲ್ಲ. ಮೊದಲು ತಾಲ್ಲೂಕಿನ ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸುವುದೇ ವಿವೇಕ.

ದರವನ್ನು ಪ್ರಕಟಿಸಿದ ಮಾತ್ರಕ್ಕೆ ಎಲ್ಲವೂ ಸರಿಹೋಗುವುದೆಂದು ತಿಳಿಯಲಾಗದು. ಅಮೆರಿಕದ ಆಸ್ಪತ್ರೆಗಳು ತಮ್ಮ ದರಗಳನ್ನು ಸಾರ್ವಜನಿಕವಾಗಿ ಪ್ರಕಟಿಸಬೇಕೆಂಬ ನಿಯಮ 2021ರ ಜನವರಿ 1ರಿಂದ ಜಾರಿಯಲ್ಲಿದೆ. ಆದರೆ ಸಾವಿರಾರು ಸಾಲುಗಳ ಸಂಕೇತಗಳಿಂದ ತುಂಬಿದ ಪಟ್ಟಿಯನ್ನು ಸಾಮಾನ್ಯ ರೋಗಿಯು ಓದಿ ಅರಿಯುವುದು ಅಲ್ಲಿಯೂ ಕಷ್ಟವೇ. ದರಪಟ್ಟಿಯು ಕಾಣುವ ಸ್ಥಳದಲ್ಲಿರಬೇಕು, ಜನರ ಭಾಷೆಯಲ್ಲಿರಬೇಕು, ಜನ ಅದನ್ನು ಓದುವಂತಿರಬೇಕು. ಅಗ್ಗದ ಚಿಕಿತ್ಸೆಯೆಲ್ಲ ಒಳ್ಳೆಯದಲ್ಲ, ದುಬಾರಿ ಚಿಕಿತ್ಸೆಯೆಲ್ಲ ಶ್ರೇಷ್ಠವೂ ಅಲ್ಲ ಎಂಬ ವಿವೇಚನೆಯೂ ಓದುವವನಿಗೆ ಇರಬೇಕು.

ಇಲ್ಲಿಯೇ ಕಲಿತ ಮಕ್ಕಳ ಪಾತ್ರವಿದೆ. ಹಳ್ಳಿಯ ಅನೇಕ ಮನೆಗಳಲ್ಲಿ ಬಿಲ್ಲನ್ನು ಓದಬಲ್ಲವರು ಶಾಲೆಗೆ ಹೋಗುವ ಮಕ್ಕಳೇ. ಆಸ್ಪತ್ರೆ ಸೇರುವಾಗ ಅಂದಾಜು ವೆಚ್ಚವನ್ನು ಬರೆದು ಕೊಡಲು ವಿನಯದಿಂದ ಕೇಳಬೇಕು. ದಿನದಿನದ ಔಷಧ ಚೀಟಿಗಳನ್ನು, ಕಟ್ಟಿದ ಹಣದ ರಸೀತಿಗಳನ್ನು ಜೋಪಾನವಾಗಿ ಇಡಬೇಕು. ಬಿಡುಗಡೆಯ ದಿನ ಬಿಡಿಬಿಡಿಯಾದ ಬಿಲ್ಲನ್ನು ಪಡೆದು, ಹಾಸಿಗೆಯ ದಿನಗಳು ಸರಿಯೇ, ಆಗದ ಪರೀಕ್ಷೆ ಸೇರಿದೆಯೇ, ಹಿಂದಿರುಗಿಸಿದ ಔಷಧದ ಹಣ ಕಳೆದಿದೆಯೇ, ಔಷಧಕ್ಕೆ ಹಾಕಿದ ಬೆಲೆ ಪೊಟ್ಟಣದ ಮೇಲೆ ಅಚ್ಚಾದ ಗರಿಷ್ಠ ಬೆಲೆಯನ್ನು ಮೀರಿದೆಯೇ ಎಂದು ನೋಡಬೇಕು. ಸಂದೇಹವಿದ್ದರೆ ಮೊದಲು ಆಸ್ಪತ್ರೆಯವರನ್ನೇ ಕೇಳಬೇಕು. ಕೈತಪ್ಪಿನಿಂದ ಆದುದು ಬಹುಮಟ್ಟಿಗೆ ಅಲ್ಲಿಯೇ ಸರಿಹೋಗುತ್ತದೆ. ಹೋಗದಿದ್ದರೆ ಜಿಲ್ಲಾ ಪ್ರಾಧಿಕಾರವಿದೆ, ಗ್ರಾಹಕರ ಆಯೋಗವಿದೆ. ಹಣ ಪಡೆದು ನೀಡುವ ವೈದ್ಯಕೀಯ ಸೇವೆಯೂ ಗ್ರಾಹಕ ಸಂರಕ್ಷಣಾ ಕಾನೂನಿನ ವ್ಯಾಪ್ತಿಗೆ ಸೇರುತ್ತದೆಂದು ಸರ್ವೋಚ್ಚ ನ್ಯಾಯಾಲಯವು 1995ರಲ್ಲಿಯೇ ತೀರ್ಪಿತ್ತಿದೆ.

ಬೆಲೆ ಕೇಳುವುದು ವೈದ್ಯರ ಮೇಲಿನ ಅಪನಂಬಿಕೆಯ ಗುರುತಲ್ಲ. ಬೆಲೆಯನ್ನು ಮುಚ್ಚಿಡದ ವೈದ್ಯನ ಮೇಲೆ ರೋಗಿಯ ನಂಬಿಕೆ ಹೆಚ್ಚುತ್ತದೆ. ಸಾಲದ ಭಯವಿಲ್ಲದ ರೋಗಿಯು ನೆಮ್ಮದಿಯಿಂದ ಗುಣಮುಖನಾಗುತ್ತಾನೆ. ಅಡಕೆಗೂ ಮೆಕ್ಕೆಜೋಳಕ್ಕೂ ದೊರೆಯುವ ಸ್ಪಷ್ಟವಾದ ಚೀಟಿಯು ಅದನ್ನು ಬೆಳೆದವನ ಚಿಕಿತ್ಸೆಗೂ ದೊರೆಯಬೇಕೆಂದು ಬಯಸುವುದು ದೊಡ್ಡ ಆಸೆಯೇನಲ್ಲ. ಅದು ಕಾನೂನು ಒಪ್ಪಿರುವ ಹಕ್ಕು. ಕೇಳುವವರಿದ್ದರೆ ಹಕ್ಕು ಉಳಿಯುತ್ತದೆ. ಕೇಳುವವರಿಲ್ಲದಿದ್ದರೆ ಅದು ಪುಸ್ತಕದಲ್ಲಿಯೇ ಉಳಿಯುತ್ತದೆ.